ಪಾರಿಜಾತ: ಗುರುತಿಸುವ ಬಗೆ, ಬೆಳೆಸುವ ಬಗೆ

ಪೂಜೆಯ ಹೂವನ್ನು ಮನೆಯಂಗಳದಲ್ಲಿಯೇ ಬೆಳೆದು ಅರ್ಪಿಸುವುದು ನಮ್ಮ ಹಿರಿಯರು ನಡೆಸಿಕೊಂಡು ಬಂದ ರೂಢಿ. ಅಂತಹ ಹೂಗಿಡಗಳಲ್ಲಿ ಪಾರಿಜಾತವೂ ಒಂದು. ಭಾರತ ಉಪಖಂಡವೇ ಇದರ ತವರು. ಮುಸ್ಸಂಜೆಗೆ ಅರಳುವ ಹೂವು ಬೆಳಗಾಗುವಷ್ಟರಲ್ಲಿ ತಾನಾಗಿಯೇ ಉದುರುತ್ತದೆ. ಆದ್ದರಿಂದ ಇದನ್ನು ಕೀಳಬೇಕಾಗಿಲ್ಲ. ಬುಡದಲ್ಲಿ ಮಡಿಬಟ್ಟೆಯನ್ನು ಹಾಸಿ ಆಯ್ದುಕೊಂಡರೆ ಸಾಕು. ನೆಲಕ್ಕೆ ಬಿದ್ದ ಹೂವು ಪೂಜೆಗೆ ಸಲ್ಲದೆನ್ನುವ ವಾಡಿಕೆಯವರೂ ಪಾರಿಜಾತವನ್ನು ಅದಕ್ಕೆ ಹೊರತಾಗಿಸಿದ್ದಾರೆ.

ಈ ಗಿಡದ ವಿಷಯದಲ್ಲಿ ಎರಡು ತಪ್ಪು ತಿಳಿವಳಿಕೆಗಳನ್ನು ಸದ್ಭಕ್ತರು ದೂರಮಾಡಿಕೊಳ್ಳಬೇಕು. ಒಂದು, ರಾತ್ರಿರಾಣಿಯನ್ನೇ ಪಾರಿಜಾತವೆಂದು ಭಾವಿಸುವುದು. ಇನ್ನೊಂದು, ಬೇಸಿಗೆಯಲ್ಲಿ ಎಲೆಯುದುರಿದ ಗಿಡವನ್ನು ಸತ್ತಿತೆಂದು ಕಡಿಯುವುದು.

ಗುರುತಿಸುವುದು ಹೇಗೆ?

ಪಾರಿಜಾತದ ಎಲೆಗಳು ಜೋಡಿಜೋಡಿಯಾಗಿ ಎದುರುಬದುರಾಗಿರುತ್ತವೆ. ಮುಟ್ಟಿದರೆ ಉಪ್ಪುಕಾಗದದಂತೆ ಒರಟು. ಎಳೆಯ ರೆಂಬೆಯನ್ನು ಬೆರಳುಗಳ ನಡುವೆ ಹೊರಳಿಸಿದರೆ ನಾಲ್ಕು ಮೂಲೆಗಳು ತಿಳಿಯುತ್ತವೆ. ಹೂವಿನ ಬಿಳಿ ಎಸಳುಗಳು ಗಾಳಿಪಟ್ಟಿಯಂತೆ ತಿರುಚಿಕೊಂಡಿದ್ದು, ತೊಟ್ಟಿನಂತೆ ಕಾಣುವ ಕೊಳವೆ ಕೇಸರಿ ಬಣ್ಣದ್ದು. ಈ ಕೊಳವೆಯಿಂದ ಹಿಂದೆ ಬಟ್ಟೆಗೆ ಬಣ್ಣ ಕಟ್ಟುತ್ತಿದ್ದರು. ಕಾಯಿ ಬಿಲ್ಲೆಯಂತೆ ಚಪ್ಪಟೆ. ಒಣಗಿದಾಗ ಎರಡು ಹೋಳಾಗುತ್ತದೆ, ಹೋಳಿಗೊಂದು ಬೀಜ. 1753ರಲ್ಲಿ ಸಸ್ಯಶಾಸ್ತ್ರಜ್ಞ ಲಿನೇಯಸ್ ಇದಕ್ಕೆ ‘ನಿಕ್ಟಾಂಥಿಸ್ ಆರ್ಬರ್-ಟ್ರಿಸ್ಟಿಸ್’ ಎಂದು ಹೆಸರಿಟ್ಟನು. ‘ಇರುಳಲ್ಲಿ ಅರಳುವ ದುಃಖದ ಮರ’ ಎಂಬುದು ಅದರ ಭಾವ.

ರಾತ್ರಿರಾಣಿ ಅಮೆರಿಕ ಖಂಡದ ಉಷ್ಣಪ್ರದೇಶದಿಂದ ಬಂದ ಗಿಡ. ಅದರ ಎಲೆ ನುಣುಪು, ಒಂದರ ಮೇಲೊಂದು ಪರ್ಯಾಯವಾಗಿರುತ್ತದೆ. ಹೂವು ತಿಳಿಹಸಿರು ಬಿಳುಪಿನ ಸಣ್ಣ ನಳಿಕೆ. ಅದರ ಬಿಳಿಯ ಹಣ್ಣುಗಳು ಹಾಗೂ ಎಲೆಗಳು ವಿಷಕಾರಿ. ಮಕ್ಕಳು, ದನಕರುಗಳು ಇರುವ ಮನೆಯವರು ಈ ವ್ಯತ್ಯಾಸವನ್ನು ಅವಶ್ಯವಾಗಿ ಅರಿಯಬೇಕು. ನರ್ಸರಿಯಲ್ಲಿ ಹೆಸರನ್ನು ಕೇಳಿದರೆ ಸಾಲದು, ಎಲೆಯನ್ನು ಮುಟ್ಟಿ ನೋಡಿ ಸಸಿಯನ್ನು ತರಬೇಕು.

ಬೆಳೆಸುವುದು ಹೇಗೆ?

ಚೆನ್ನಾಗಿ ಬಲಿತು ಒಣಗಿದ ಕಾಯಿಯ ಬೀಜದಿಂದಾಗಲಿ, ಬಲಿತ ರೆಂಬೆಯ ತುಂಡಿನಿಂದಾಗಲಿ ಸಸಿ ಮಾಡಬಹುದು. ಮುಂಗಾರಿನ ಆರಂಭವು ನೆಡಲು ಯೋಗ್ಯ ಕಾಲ. ದಿನದ ಬಹುಪಾಲು ಬಿಸಿಲು ಬೀಳುವ, ನೀರು ನಿಲ್ಲದ ಜಾಗವನ್ನು ಆರಿಸಬೇಕು. ಗುಂಡಿಗೆ ಮೇಲ್ಮಣ್ಣಿನೊಡನೆ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬೆರೆಸಿ ತುಂಬಬೇಕು. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಮಳೆಗಾಲದ ಕೊನೆಯಿಂದ ಚಳಿಗಾಲದವರೆಗೆ ಹೂವಿನ ಸುಗ್ಗಿ. ಅದು ಮುಗಿದ ಬಳಿಕ ರೆಂಬೆಗಳನ್ನು ಹಗುರವಾಗಿ ಸವರಿದರೆ ಹೊಸ ಚಿಗುರು ಬಂದು, ಮುಂದಿನ ವರ್ಷ ಹೂವು ಹೆಚ್ಚುತ್ತದೆ.

ಬೇಸಿಗೆಯ ಹೊತ್ತಿಗೆ ಎಲೆಗಳು ಉದುರಿ ಗಿಡ ಬೋಳಾಗುತ್ತದೆ. ಇದು ರೋಗವಲ್ಲ, ನೀರಿನ ಅಭಾವದ ದಿನಗಳನ್ನು ಕಳೆಯಲು ಗಿಡವು ಕಂಡುಕೊಂಡ ಉಪಾಯ. ಸಂದೇಹವಿದ್ದರೆ ರೆಂಬೆಯ ತೊಗಟೆಯನ್ನು ಉಗುರಿನಿಂದ ತುಸು ಕೆರೆದು ನೋಡಬೇಕು. ಒಳಗೆ ಹಸಿರಿದ್ದರೆ ಜೀವವಿದೆ. ಆಗ ನೀರನ್ನು ಮಿತವಾಗಿ ಹಾಕಿ ಮಳೆಗಾಗಿ ಕಾಯಬೇಕೇ ಹೊರತು ಕೊಡಲಿಯನ್ನು ಎತ್ತಬಾರದು.

ಸಕಲ ಜೀವಿಗಳಲ್ಲಿ ದಯೆಯಿರಬೇಕೆಂಬ ಶರಣರ ಬೋಧೆಯು ಅಂಗಳದ ಗಿಡಕ್ಕೂ ಸಲ್ಲುತ್ತದೆ. ಈಗಾಗಲೇ ಪಾರಿಜಾತವುಳ್ಳವರು ಈ ಸಲ ಬೀಜಗಳನ್ನು ಎತ್ತಿಟ್ಟು, ಸಸಿ ಮಾಡಿ ನೆರೆಹೊರೆಗೆ ಹಂಚಲಿ ಎಂದು ಆಶಿಸುತ್ತೇವೆ.