ನಾಲ್ಕು ವರ್ಷ ಬಂದಿಯಾಗಿದ್ದ ಪುಸ್ತಕ

ಉದ್ಯಮಿಗಳು, ಮ್ಯಾನೇಜರುಗಳು ಓದಲೇಬೇಕಾದ ಪುಸ್ತಕಗಳ ಪಟ್ಟಿ ವರ್ಷವರ್ಷವೂ ಹೊಸದಾಗಿ ಬರುತ್ತದೆ. ಹೋದ ವರ್ಷ ಎಲ್ಲರ ಬಾಯಲ್ಲಿದ್ದ ಪುಸ್ತಕ ಈ ವರ್ಷ ಕಾಣುವುದಿಲ್ಲ. ಆದರೆ ಅರವತ್ತು ವರ್ಷ ದಾಟಿದರೂ ಆಲ್ಫ್ರೆಡ್ ಸ್ಲೋನ್ ಅವರ ‘ಮೈ ಇಯರ್ಸ್ ವಿತ್ ಜನರಲ್ ಮೋಟರ್ಸ್’ ಮಾತ್ರ ಕದಲಿಲ್ಲ. ವ್ಯವಹಾರದ ಬಗ್ಗೆ ಒಂದೇ ಒಂದು ಪುಸ್ತಕ ಓದುವ ಮನಸ್ಸಿದ್ದರೆ ಬಹುಶಃ ಇದೇ ಸರಿ ಎಂದು 1990ರ ದಶಕದಲ್ಲಿ ಬಿಲ್ ಗೇಟ್ಸ್ ಹೇಳಿದ ಮೇಲಂತೂ ಹೊಸ ಓದುಗರು ಹುಟ್ಟಿಕೊಂಡರು. ಶಿಫಾರಸು ಮಾಡುವವರು ಒಂದು ವಿಷಯವನ್ನು ಮಾತ್ರ ಹೇಳುವುದಿಲ್ಲ. ಈ ಪುಸ್ತಕ ಅಚ್ಚಾಗದಂತೆ ತಡೆದು ನಿಲ್ಲಿಸಿದ್ದು ಜನರಲ್ ಮೋಟರ್ಸ್ ಕಂಪನಿಯೇ. ಅದನ್ನು ಬಿಡಿಸಿ ತಂದವರು ಮುಖಪುಟದ ಮೇಲೆ ದೊಡ್ಡಕ್ಷರದಲ್ಲಿರುವ ಸ್ಲೋನ್ ಅಲ್ಲ. ಒಳಪುಟದಲ್ಲಿ ಸಂಪಾದಕ ಎಂದಷ್ಟೇ ಕಾಣಿಸಿಕೊಳ್ಳುವ ಜಾನ್ ಮ್ಯಾಕ್‌ಡೊನಾಲ್ಡ್.

ಸ್ಲೋನ್ ಕಥೆ ಬಹಳ ಜನಕ್ಕೆ ಗೊತ್ತಿದೆ. 1875ರಲ್ಲಿ ಹುಟ್ಟಿ, 1923ರಲ್ಲಿ ಜನರಲ್ ಮೋಟರ್ಸ್ ಅಧ್ಯಕ್ಷರಾದರು. ಒಂದೇ ಮಾದರಿಯ ಅಗ್ಗದ ಕಾರನ್ನು ನಂಬಿ ಕೂತಿದ್ದ ಹೆನ್ರಿ ಫೋರ್ಡ್ ಎದುರು ಷೆವ್ರೊಲೆಯಿಂದ ಕ್ಯಾಡಿಲಾಕ್‌ವರೆಗೆ ಒಬ್ಬೊಬ್ಬರ ಜೇಬಿಗೆ ತಕ್ಕ ಒಂದೊಂದು ಕಾರು ನಿಲ್ಲಿಸಿ ಗೆದ್ದರು. 1956ರಲ್ಲಿ ನಿವೃತ್ತರಾಗುವ ಹೊತ್ತಿಗೆ ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ ಕಾರುಗಳಲ್ಲಿ ಹೆಚ್ಚುಕಡಿಮೆ ಅರ್ಧ ಅವರ ಕಂಪನಿಯವೇ ಆಗಿದ್ದವು.

ಮ್ಯಾಕ್‌ಡೊನಾಲ್ಡ್ ಕಥೆ ಯಾರಿಗೂ ಗೊತ್ತಿಲ್ಲ ಎಂಬುದೇ ನನ್ನ ಸಂಕಟ. ಆತ ‘ಫಾರ್ಚೂನ್’ ಪತ್ರಿಕೆಯ ಲೇಖಕ. 1937ರಲ್ಲಿ ಸ್ಟಾಲಿನ್ ಹೊರಿಸಿದ ಆರೋಪಗಳ ಬಗ್ಗೆ ಟ್ರಾಟ್‌ಸ್ಕಿಯ ಹೇಳಿಕೆ ಕೇಳಲು ಜಾನ್ ಡ್ಯೂಯಿ ಅಧ್ಯಕ್ಷತೆಯ ಆಯೋಗ ಮೆಕ್ಸಿಕೊಗೆ ಹೋದಾಗ, ಚಿತ್ರಕಲಾವಿದೆಯಾದ ಹೆಂಡತಿ ಡೊರೊತಿ ಐಸ್ನರ್ ಜೊತೆ ಅಲ್ಲಿಗೆ ಹೋಗಿದ್ದವರು. ಇಸ್ಪೀಟು, ಯುದ್ಧ, ವ್ಯಾಪಾರ ಮೂರರಲ್ಲೂ ನಡೆಯುವ ತಂತ್ರದ ಲೆಕ್ಕಾಚಾರದ ಮೇಲೆ 1950ರಲ್ಲಿ ಪುಸ್ತಕ ಬರೆದವರು. ಗಾಳ ಹಾಕಿ ಮೀನು ಹಿಡಿಯುವ ಕಲೆಯ ಚರಿತ್ರೆಯಲ್ಲಂತೂ ಪಂಡಿತರು. ಇಂಥವರು ಜಗತ್ತಿನ ಅತಿ ದೊಡ್ಡ ಕಾರು ಕಂಪನಿಯ ಮುಖ್ಯಸ್ಥರ ಆತ್ಮಕಥೆಗೆ ಲೇಖಕರಾಗಿ ಒದಗಿದರು ಎನ್ನುವುದು ನನಗೆ ಇಂದಿಗೂ ಬೆರಗು.

1950ರ ದಶಕದ ನಡುವೆ ಪತ್ರಿಕೆಗೆಂದು ಆರಂಭವಾದ ಕೆಲಸ ಬೆಳೆಯುತ್ತಾ ಪುಸ್ತಕವಾಯಿತು. ಕ್ಯಾಥರೀನ್ ಸ್ಟೀವನ್ಸ್ ಜೊತೆಯಾದರು. ಮುಂದೆ ವ್ಯಾಪಾರ ಚರಿತ್ರೆಯ ದೊಡ್ಡ ಹೆಸರಾದ ಆಲ್ಫ್ರೆಡ್ ಚಾಂಡ್ಲರ್ ಸಂಶೋಧನೆಗೆ ನೆರವಾದರು. ಕಂಪನಿಯ ಅನುಮತಿಯೂ ಇತ್ತು. ಹಳೆಯ ಕಡತಗಳು, ಸಮಿತಿಗಳ ಟಿಪ್ಪಣಿಗಳು, ಒಳಗಿನ ಪತ್ರಗಳು ಕೈಗೆ ಸಿಕ್ಕವು. ಪುಸ್ತಕದ ಜೀವ ಇರುವುದೇ ಅಲ್ಲಿ. ತಾಮ್ರದ ರೆಕ್ಕೆಗಳಿಂದ ಗಾಳಿಗೆ ತಣಿಯುವ ಎಂಜಿನ್‌ನ ಅಧ್ಯಾಯವನ್ನೇ ನೋಡಿ. ಕಂಪನಿಯ ಮಹಾ ಸಂಶೋಧಕ ಕೆಟರಿಂಗ್ ಒಂದು ಕಡೆ, ಅದನ್ನು ಒಪ್ಪದ ಕಾರ್ಖಾನೆಯ ಎಂಜಿನಿಯರುಗಳು ಇನ್ನೊಂದು ಕಡೆ. ತಯಾರಾದದ್ದು 759 ಕಾರು, ಗಿರಾಕಿಗಳ ಕೈಗೆ ಹೋದದ್ದು ಸುಮಾರು 100. 1923ರಲ್ಲಿ ಅವನ್ನೂ ವಾಪಸ್ ತರಿಸಿಕೊಳ್ಳಬೇಕಾಯಿತು. ಯಾರು ಯಾರಿಗೆ ಏನು ಬರೆದರು, ಯಾರು ಎಲ್ಲಿ ಜಗ್ಗಿದರು ಎಂಬುದೆಲ್ಲ ಕಾಗದಪತ್ರ ಸಮೇತ ಅಲ್ಲಿದೆ. ಗೆದ್ದವರ ಆತ್ಮಕಥೆಗಳಲ್ಲಿ ಸೋಲಿನ ಇಷ್ಟು ವಿವರ ಅಪರೂಪ.

1959ರ ಅಕ್ಟೋಬರಿನಲ್ಲಿ ಪುಸ್ತಕ ಹೊರಬರುವುದೆಂದು ಗೊತ್ತಾಗಿತ್ತು. ಕೊನೆಯ ಗಳಿಗೆಯಲ್ಲಿ ಕಂಪನಿಯ ವಕೀಲರು ಬೇಡವೆಂದರು. ಅವರ ಹೆದರಿಕೆಗೆ ಕಾರಣವಿತ್ತು. ಜನರಲ್ ಮೋಟರ್ಸ್‌ನ ಶೇ 23ರಷ್ಟು ಷೇರು ಡ್ಯುಪಾಂಟ್ ಕಂಪನಿಯ ಕೈಯಲ್ಲಿರುವುದು ಏಕಸ್ವಾಮ್ಯ ವಿರೋಧಿ ಕಾನೂನಿಗೆ ವಿರುದ್ಧವೆಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟು ಆಗಿನ್ನೂ ಎರಡು ವರ್ಷವಾಗಿತ್ತು. ಮಾರುಕಟ್ಟೆಯ ಅರ್ಧ ಹಿಡಿದಿರುವ ಕಂಪನಿ ತನ್ನ ತಂತ್ರಗಳನ್ನು ತಾನೇ ಅಚ್ಚುಹಾಕಿಸಿದರೆ ಸರ್ಕಾರ ಅದನ್ನೇ ಸಾಕ್ಷ್ಯ ಮಾಡಿಕೊಳ್ಳಬಹುದು ಎಂಬುದು ಅವರ ಲೆಕ್ಕ. ಎಂಬತ್ನಾಲ್ಕರ ಸ್ಲೋನ್ ತಾವು ಕಟ್ಟಿ ಬೆಳೆಸಿದ ಕಂಪನಿಯ ಮಾತು ಮೀರಲಿಲ್ಲ. ವರ್ಷಗಳ ದುಡಿಮೆ ಕಪಾಟು ಸೇರಿತು.

ಮ್ಯಾಕ್‌ಡೊನಾಲ್ಡ್ ಒಪ್ಪಲಿಲ್ಲ. ಇನ್ನೊಬ್ಬರ ಹೆಸರಿನಲ್ಲಿ ಬರೆದುಕೊಡುವವರು ಸಂಭಾವನೆ ತೆಗೆದುಕೊಂಡು ಮರೆಗೆ ಸರಿಯುವುದು ಆ ಕಸುಬಿನ ರೂಢಿ. ಇವರು ಜನರಲ್ ಮೋಟರ್ಸ್ ಮೇಲೆಯೇ ದಾವೆ ಹೂಡಿದರು. ಪತ್ರಿಕೆಯ ಸಂಬಳದಲ್ಲಿದ್ದ ಒಬ್ಬ ಲೇಖಕ ಒಂದು ಕಡೆ, ಅಮೆರಿಕದ ದೈತ್ಯ ಕಂಪನಿ ಇನ್ನೊಂದು ಕಡೆ. ಕೊನೆಗೆ ಕಂಪನಿ ಮಣಿಯಿತು. 1964ರ ಜನವರಿಯಲ್ಲಿ ಡಬಲ್‌ಡೇ ಪ್ರಕಟಿಸಿದ ಪುಸ್ತಕ ಬಂದ ಕೂಡಲೇ ಬಿಸಿಬಿಸಿಯಾಗಿ ಖರ್ಚಾಯಿತು. ತಮ್ಮ ಹೆಸರಿನ ಪುಸ್ತಕವನ್ನು ಕೈಯಲ್ಲಿ ಹಿಡಿದಾಗ ಸ್ಲೋನ್‌ಗೆ ಎಂಬತ್ತೆಂಟು. ಎರಡು ವರ್ಷಕ್ಕೆ ತೀರಿಕೊಂಡರು.

ಇಷ್ಟಾದ ಮೇಲೂ ಇದರ ಹಿಂದಿನ ಕಥೆ ಕಳೆದುಹೋಯಿತು. 1990ರ ಮರುಮುದ್ರಣಕ್ಕೆ ಮುನ್ನುಡಿ ಬರೆದ ಪೀಟರ್ ಡ್ರಕರ್, ಪುಸ್ತಕದಲ್ಲಿ ಹೆಸರಿರುವ ಸಹೋದ್ಯೋಗಿಗಳಿಗೆ ನೋವಾಗದಿರಲೆಂದು ಅವರೆಲ್ಲ ಕಾಲವಾಗುವ ತನಕ ಸ್ಲೋನ್ ಕಾದರು ಎಂಬ ಅರ್ಥದ ಮಾತು ಹೇಳಿದರು. ಕೇಳಲು ಚೆನ್ನಾಗಿದೆ, ಸ್ಲೋನ್‌ಗೆ ಗೌರವವನ್ನೂ ತರುತ್ತದೆ. ಆದರೆ ನಿಜವಲ್ಲ. ಕಂಪನಿಯ ಹಿರಿಯ ನಿರ್ದೇಶಕರಾಗಿದ್ದ ಚಾರ್ಲ್ಸ್ ಮಾಟ್ ಹೆಸರು ಪುಸ್ತಕದಲ್ಲಿದೆ. ಅವರು 1973ರವರೆಗೆ ಬದುಕಿದ್ದರು. ಡ್ರಕರ್ ಮ್ಯಾನೇಜ್‌ಮೆಂಟ್ ಲೋಕದ ಗುರು, ಅವರ ಬಗ್ಗೆ ನನಗೂ ಗೌರವವಿದೆ. ಆದರೆ ಗುರುವಿನ ಮಾತೆಂದೇ ಅದನ್ನು ಯಾರೂ ಪರೀಕ್ಷಿಸದೆ ಹರಡಿದರು. ದಾವೆ ಹೂಡಿ ಪುಸ್ತಕ ಉಳಿಸಿದವನಿಗೆ ಇದರಿಂದಾದ ಅನ್ಯಾಯ ಸಣ್ಣದಲ್ಲ.

ಮ್ಯಾಕ್‌ಡೊನಾಲ್ಡ್ ನಡೆದದ್ದನ್ನೆಲ್ಲ ಬರೆದಿಟ್ಟು 1998ರಲ್ಲಿ ತೀರಿಕೊಂಡರು. ಅದು ‘ಎ ಘೋಸ್ಟ್ಸ್ ಮೆಮಾಯರ್’ ಎಂಬ ಹೆಸರಿನಲ್ಲಿ 2002ರಲ್ಲಿ ಎಂಐಟಿ ಪ್ರೆಸ್‌ನಿಂದ ಬಂತು. ಸ್ಲೋನ್ ಹೆಸರಿನ ಮ್ಯಾನೇಜ್‌ಮೆಂಟ್ ಶಾಲೆ ಇರುವುದೂ ಅದೇ ಎಂಐಟಿಯಲ್ಲಿ. ಉದ್ಯಮಿಗಳ ಪಟ್ಟಿಗಳಲ್ಲಿ ಈ ಪುಸ್ತಕವನ್ನು ನಾನು ಕಂಡಿಲ್ಲ. ಸ್ಲೋನ್ ಪುಸ್ತಕ ಕೈಗೆತ್ತಿಕೊಳ್ಳುವವರು ಇದನ್ನೂ ತರಿಸಿಕೊಳ್ಳಿ. ಕಂಪನಿಯನ್ನು ಹೇಗೆ ನಡೆಸಿದೆವು ಎಂದು ಮೊದಲನೆಯದು ಹೇಳುತ್ತದೆ. ಅದೇ ಕಂಪನಿ ತನ್ನ ಕಥೆಗೆ ತಾನೇ ಹೆದರಿದಾಗ ಹೇಗೆ ನಡೆದುಕೊಂಡಿತು ಎಂಬುದು ಎರಡನೆಯದರಲ್ಲಿ ಮಾತ್ರ ಸಿಗುತ್ತದೆ.