ಬೀಗದ ಕೈ ಯಾರ ಹತ್ರ?

ಸೇತುವೆ ಅಂದರೆ ಹಗಲೂ ರಾತ್ರಿ ಯಾರು ಬೇಕಾದರೂ ದಾಟುವ ದಾರಿ. ಲಂಡನ್ನಿನ ಥೇಮ್ಸ್ ನದಿಗೆ ಕಟ್ಟಹೊರಟಿದ್ದ ‘ಗಾರ್ಡನ್ ಬ್ರಿಜ್’ ಹಾಗಲ್ಲ. 270 ಮರಗಳ ತೋಟವೇನೋ ಸೊಗಸು. ಆದರೆ ಯಜಮಾನಿಕೆ ಖಾಸಗಿ ಟ್ರಸ್ಟಿನದು. ರಾತ್ರಿ ಬೀಗ, ಸೈಕಲ್ ಸವಾರಿಗೆ ನಿಷೇಧ, ಹಣ ಎತ್ತುವ ಸಮಾರಂಭಕ್ಕೆಂದು ವರ್ಷಕ್ಕೆ 12 ದಿನ ಜನರಿಗೆ ಬಂದ್!

ನಕ್ಷೆ ಥಾಮಸ್ ಹೆದರ್‌ವಿಕ್ ಅವರದು. ಅವರನ್ನು ಆರಿಸಿದ ರೀತಿಯೇ ಸರಿಯಿಲ್ಲ, ಕೆಲಸ ನಿಲ್ಲಿಸಿ ಎಂದು 2016ರಲ್ಲಿ ದನಿ ಎತ್ತಿದವರು ಅಲ್ಲಿನ ವಾಸ್ತುಶಿಲ್ಪಿಗಳ ಸಂಸ್ಥೆಯ ಅಧ್ಯಕ್ಷೆ ಜೇನ್ ಡಂಕನ್. ಕಸುಬಿನವರೇ ಕಸುಬಿನ ಮಾನ ಕೇಳಿದರು!

2017ರಲ್ಲಿ ಮೇಯರ್ ಸಾದಿಕ್ ಖಾನ್ ಕೈಬಿಟ್ಟರು, ಯೋಜನೆ ಮುಗಿಯಿತು. ಸೇತುವೆ ಏಳಲೇ ಇಲ್ಲ. ಖರ್ಚು ಮಾತ್ರ 5 ಕೋಟಿ 30 ಲಕ್ಷ ಪೌಂಡ್, ಅದರಲ್ಲಿ 4 ಕೋಟಿ 30 ಲಕ್ಷ ಜನರ ದುಡ್ಡು.

ಚೆಂದದ ನಕ್ಷೆ ಬಿಡಿಸಿ ತೋರಿಸುವವರನ್ನು ಊರಿನವರು ಮೊದಲು ಕೇಳಬೇಕಾದ್ದು ಇಷ್ಟೇ: ಸ್ವಾಮಿ, ಬೀಗದ ಕೈ ಯಾರ ಹತ್ರ?