ಕಡಲತೀರದ ಕಾಡಿಗೆ ಬಣ್ಣ ಬಂದಾಗ

ಮಕ್ಕಳೇ, ನಿಮ್ಮ ಶಾಲೆಯ ಅಂಗಳದಲ್ಲಿ ಕಾಡುಬಾದಾಮಿ ಮರ ಇದೆಯೇ? ಇದ್ದರೆ ನೀವು ಒಂದು ವಿಷಯ ಗಮನಿಸಿರಬಹುದು. ಉದುರುವ ಮುನ್ನ ಅದರ ಅಗಲವಾದ ಎಲೆಗಳು ಕೆಂಪಾಗುತ್ತವೆ. ಒಂದೇ ಮರ ಕೆಂಪಾದರೂ ನೋಡಲು ಎಷ್ಟು ಚೆಂದ! ಇನ್ನು ಇಡೀ ಬೆಟ್ಟವೇ ಕೆಂಪು, ಹಳದಿ, ಕಿತ್ತಳೆ ಬಣ್ಣಕ್ಕೆ ತಿರುಗಿದರೆ?

ಅಮೆರಿಕದ ಈಶಾನ್ಯ ಮೂಲೆಯಲ್ಲಿರುವ ಮೇನ್ ರಾಜ್ಯದಲ್ಲಿ ಪ್ರತಿವರ್ಷ ಹೀಗಾಗುತ್ತದೆ. ಅಲ್ಲಿ ಅಟ್ಲಾಂಟಿಕ್ ಸಾಗರದ ಅಂಚಿನಲ್ಲಿ ಮೌಂಟ್ ಡೆಸರ್ಟ್ ಎಂಬ ದ್ವೀಪವಿದೆ. ಅಕೇಡಿಯಾ ರಾಷ್ಟ್ರೀಯ ಉದ್ಯಾನದ ಹೆಚ್ಚಿನ ಭಾಗ ಈ ದ್ವೀಪದಲ್ಲೇ ಇದೆ. ಅಕ್ಟೋಬರ್ ತಿಂಗಳ ಎರಡನೆಯ ಸೋಮವಾರ ಅಲ್ಲಿ ರಜೆ. ಶನಿವಾರ, ಭಾನುವಾರ ಸೇರಿ ಮೂರು ದಿನ ಬಿಡುವು. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಎಲೆಗಳ ಬಣ್ಣ ನೋಡಲು ಬರುತ್ತಾರೆ. 466 ಮೀಟರ್ ಎತ್ತರದ ಕ್ಯಾಡಿಲಾಕ್ ಬೆಟ್ಟದ ಮೇಲೆ ನಿಂತರೆ ಕೆಳಗೆ ಬಣ್ಣಬಣ್ಣದ ಕಾಡು, ಅದರಾಚೆ ನೀಲಿ ಕಡಲು ಕಾಣುತ್ತದೆ. ಈ ಕಾಲಕ್ಕೆ ಅವರು ಇಟ್ಟಿರುವ ಹೆಸರು ‘ಫಾಲ್’. ಎಂದರೆ ಬೀಳುವುದು, ಉದುರುವುದು.

ಹಸಿರಾಗಿದ್ದ ಎಲೆಗೆ ಈ ಬಣ್ಣ ಎಲ್ಲಿಂದ ಬಂತು?

ಹಳದಿ ಮೊದಲೇ ಇತ್ತು

ಎಲೆಯ ಹಸಿರಿಗೆ ಕಾರಣ ಪತ್ರಹರಿತ್ತು ಎಂಬ ವರ್ಣಕ. ಸೂರ್ಯನ ಬೆಳಕನ್ನು ಹಿಡಿದು ಸಕ್ಕರೆ ತಯಾರಿಸಲು ಇದು ಬೇಕೇ ಬೇಕು. ಆದರೆ ಪತ್ರಹರಿತ್ತು ಬಹುಕಾಲ ಬಾಳುವ ವಸ್ತುವಲ್ಲ. ಅದು ಒಡೆಯುತ್ತಲೇ ಇರುತ್ತದೆ, ಎಲೆ ಹೊಸದನ್ನು ತಯಾರಿಸುತ್ತಲೇ ಇರುತ್ತದೆ.

ಎಲೆಯಲ್ಲಿ ಕೆರೋಟಿನಾಯ್ಡ್ ಎಂಬ ಹಳದಿ, ಕಿತ್ತಳೆ ವರ್ಣಕಗಳೂ ಇರುತ್ತವೆ. ಕ್ಯಾರೆಟ್ಟಿಗೂ ಮಾಗಿದ ಪಪ್ಪಾಯಿಗೂ ಬಣ್ಣ ಕೊಡುವುದು ಇವೇ. ಹಸಿರು ದಟ್ಟವಾಗಿರುವಾಗ ಇವು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಶರತ್ಕಾಲದಲ್ಲಿ ಎಲೆ ಹೊಸ ಪತ್ರಹರಿತ್ತು ತಯಾರಿಸುವುದನ್ನು ನಿಲ್ಲಿಸುತ್ತದೆ. ಹಸಿರು ಕರಗುತ್ತದೆ, ಅಡಗಿದ್ದ ಹಳದಿ ಹೊರಗೆ ಕಾಣುತ್ತದೆ. ಬರ್ಚ್, ಆಸ್ಪೆನ್ ಮರಗಳು ಹಳದಿಯಾಗುವುದು ಹೀಗೆ.

ಕೆಂಪು ಹೊಸದಾಗಿ ಬಂದದ್ದು

ಮೇಪಲ್ ಮರದ ಕೆಂಪಿನ ಕಥೆ ಬೇರೆ. ಅದಕ್ಕೆ ಕಾರಣ ಆಂಥೋಸಯನಿನ್ ಎಂಬ ವರ್ಣಕ. ನೇರಳೆ ಹಣ್ಣಿನಲ್ಲಿ, ಬದನೆಕಾಯಿಯ ಸಿಪ್ಪೆಯಲ್ಲಿ ಇರುವುದೂ ಇದೇ ಗುಂಪಿನ ವರ್ಣಕ. ಎಲೆ ಉದುರುವ ಕಾಲ ಹತ್ತಿರ ಬಂದಾಗ, ಎಲೆಯಲ್ಲಿ ಉಳಿದ ಸಕ್ಕರೆಯನ್ನು ಬಳಸಿ ಮರ ಇದನ್ನು ಹೊಸದಾಗಿ ತಯಾರಿಸುತ್ತದೆ. ಹಗಲು ಒಳ್ಳೆಯ ಬಿಸಿಲು, ರಾತ್ರಿ ಹಿಮಗಟ್ಟದಷ್ಟು ಚಳಿ ಇದ್ದ ವರ್ಷ ಕೆಂಪು ಹೆಚ್ಚು ಗಾಢವಾಗಿರುತ್ತದೆ.

ಉದುರಿ ಹೋಗುವ ಎಲೆಗೆ ಮರ ಏಕೆ ಇಷ್ಟು ಖರ್ಚು ಮಾಡಬೇಕು? ಎಲೆಯಲ್ಲಿರುವ ಸಾರಜನಕದಂಥ ಬೆಲೆಬಾಳುವ ಪೋಷಕಾಂಶಗಳನ್ನು ಮರ ಕೊನೆಯ ದಿನಗಳಲ್ಲಿ ಕೊಂಬೆಗೆ, ಕಾಂಡಕ್ಕೆ ಎಳೆದುಕೊಳ್ಳುತ್ತದೆ. ಈ ಕೆಲಸ ಮುಗಿಯುವವರೆಗೆ ಕೆಂಪು ವರ್ಣಕವು ಎಲೆಗೆ ಕೊಡೆಯಂತೆ ನೆರಳು ಕೊಟ್ಟು ತೀಕ್ಷ್ಣ ಬೆಳಕಿನಿಂದ ಕಾಪಾಡುತ್ತದೆ ಎಂಬುದು ಹಲವು ವಿಜ್ಞಾನಿಗಳ ಅಭಿಪ್ರಾಯ.

ಎಲೆ ಬಿಡುವುದು ಬದುಕಲು

ಮೇನ್‌ನ ಚಳಿಗಾಲದಲ್ಲಿ ನೆಲದ ನೀರು ಹೆಪ್ಪುಗಟ್ಟುತ್ತದೆ. ಬೇರಿಗೆ ನೀರು ಸಿಗುವುದಿಲ್ಲ. ಅಗಲ ಎಲೆಗಳು ಹಾಗೇ ಇದ್ದರೆ ಇದ್ದ ನೀರೂ ಆವಿಯಾಗಿ ಹೋಗುತ್ತದೆ. ಮೇಲೆ ಹಿಮ ಕುಳಿತರೆ ಭಾರಕ್ಕೆ ಕೊಂಬೆಗಳು ಮುರಿಯುತ್ತವೆ. ಆದ್ದರಿಂದ ಮರ ತೊಟ್ಟಿನ ಬುಡದಲ್ಲಿ ಒಂದು ಪದರ ಬೆಳೆಸಿ ಎಲೆಯನ್ನು ಕಳಚುತ್ತದೆ. ಗಾಯದ ಜಾಗವನ್ನು ಬೆಂಡಿನಂಥ ಪದರ ಮುಚ್ಚುತ್ತದೆ. ಸ್ಪ್ರೂಸ್, ಫರ್ ಮರಗಳ ಎಲೆಗಳು ಸೂಜಿಯಂತೆ ಸಣ್ಣ. ಅವುಗಳ ಮೇಲೆ ಮೇಣದ ಲೇಪವಿದೆ. ಹಾಗಾಗಿ ಅವು ಚಳಿಗಾಲದಲ್ಲೂ ಹಸಿರಾಗಿರುತ್ತವೆ.

ಕಾಲ ಬಂತೆಂದು ಮರಕ್ಕೆ ಹೇಗೆ ತಿಳಿಯುತ್ತದೆ? ಮುಖ್ಯವಾಗಿ ಹಗಲಿನ ಉದ್ದದಿಂದ. ಬೆಂಗಳೂರಿನಲ್ಲಿ ಜೂನ್ ತಿಂಗಳ ಹಗಲು ಸುಮಾರು 13 ಗಂಟೆ, ಡಿಸೆಂಬರ್‌ನಲ್ಲಿ ಸುಮಾರು ಹನ್ನೊಂದೂವರೆ ಗಂಟೆ. ಅಕೇಡಿಯಾದಲ್ಲಿ ಜೂನ್‌ನಲ್ಲಿ ಹದಿನೈದು ಗಂಟೆಗೂ ಹೆಚ್ಚು, ಡಿಸೆಂಬರ್‌ನಲ್ಲಿ ಒಂಬತ್ತು ಗಂಟೆಗೂ ಕಡಿಮೆ! ಹಗಲು ಕುಗ್ಗುತ್ತಾ, ಚಳಿ ಏರುತ್ತಾ ಬಂದಂತೆ ಮರ ಸಿದ್ಧವಾಗುತ್ತದೆ.

ಕಡಲಿನ ಪಾತ್ರವೇನು?

ಮೇನ್ ರಾಜ್ಯದ ಉತ್ತರದ ಒಳನಾಡಿನಲ್ಲಿ ಸೆಪ್ಟೆಂಬರ್ ಕೊನೆಗೇ ಬಣ್ಣ ತುಂಬುತ್ತದೆ. ಕಡಲತೀರದಲ್ಲಿ ಮಾತ್ರ ಅಕ್ಟೋಬರ್ ಮಧ್ಯದವರೆಗೆ ಕಾಯಬೇಕು. ನೀರು ನಿಧಾನವಾಗಿ ಬಿಸಿಯಾಗುತ್ತದೆ, ನಿಧಾನವಾಗಿ ತಣ್ಣಗಾಗುತ್ತದೆ. ಬೇಸಿಗೆಯಲ್ಲಿ ಕೂಡಿಟ್ಟ ಶಾಖವನ್ನು ಸಾಗರ ಶರತ್ಕಾಲದಲ್ಲಿ ಮೆಲ್ಲಗೆ ಬಿಟ್ಟುಕೊಡುತ್ತದೆ. ಹೀಗಾಗಿ ದಂಡೆಯ ಮೇಲೆ ಚಳಿ ತಡವಾಗಿ ಬರುತ್ತದೆ, ಬಣ್ಣವೂ ತಡವಾಗುತ್ತದೆ. ಡಿಸೆಂಬರ್ ರಾತ್ರಿ ಬೀದರ್‌ನಲ್ಲಿ ನಡುಕ ಹುಟ್ಟುವಾಗ ಮಂಗಳೂರಿನಲ್ಲಿ ಅಷ್ಟು ಚಳಿ ಇರುವುದಿಲ್ಲ. ಅದಕ್ಕೆ ಕಡಲೂ ಒಂದು ಕಾರಣ.

ಬೆಂಕಿಯ ನಂತರ ಬಂದ ಬಣ್ಣ

ಅಕೇಡಿಯಾದ ಬಣ್ಣದ ಹಿಂದೆ ಒಂದು ದುರಂತವೂ ಇದೆ. 1947ರ ಬೇಸಿಗೆಯಲ್ಲಿ ಅಲ್ಲಿ ಮಳೆ ತೀರ ಕಡಿಮೆಯಾಗಿತ್ತು. ಅಕ್ಟೋಬರ್‌ನಲ್ಲಿ ಬೆಂಕಿ ಹೊತ್ತಿ, ದ್ವೀಪದ ಸುಮಾರು 17 ಸಾವಿರ ಎಕರೆ ನೆಲ ಸುಟ್ಟಿತು. ಮನೆಗಳೂ ಉರಿದವು. ಸುಟ್ಟ ಜಾಗದಲ್ಲಿ ಮೊದಲು ಇದ್ದದ್ದು ಹೆಚ್ಚಾಗಿ ಸ್ಪ್ರೂಸ್, ಫರ್ ಮರಗಳು, ಎಂದರೆ ಸದಾ ಹಸಿರು ಮರಗಳು. ಅವು ಹೋದ ಮೇಲೆ ನೆಲಕ್ಕೆ ಬಿಸಿಲು ಬಿತ್ತು. ಬಿಸಿಲು ಬಯಸುವ ಬರ್ಚ್, ಆಸ್ಪೆನ್ ಮರಗಳು ಬೇಗ ಬೆಳೆದವು. ಇಂದು ಜನ ಮೆಚ್ಚುವ ಹಳದಿಯಲ್ಲಿ ಹೆಚ್ಚಿನ ಪಾಲು ಈ ಮರಗಳದ್ದು. ಈಗ ಅವುಗಳ ನೆರಳಿನಲ್ಲಿ ಸ್ಪ್ರೂಸ್, ಫರ್ ಸಸಿಗಳು ಮತ್ತೆ ತಲೆಯೆತ್ತುತ್ತಿವೆ.

ಇನ್ನೊಂದು ಬದಲಾವಣೆಯೂ ನಡೆದಿದೆ. ಹವೆ ಬೆಚ್ಚಗಾಗುತ್ತಿರುವುದರಿಂದ, 1950ರ ಸುಮಾರಿಗೆ ಹೋಲಿಸಿದರೆ ಅಕೇಡಿಯಾಕ್ಕೆ ಬಣ್ಣ ಬರುವುದು ಹಲವು ದಿನ ತಡವಾಗಿದೆ. ಹಗಲಿನ ಉದ್ದ ಬದಲಾಗಿಲ್ಲ, ಚಳಿ ಬರುವ ಹೊತ್ತು ಬದಲಾಗಿದೆ. ಎಲೆ ನೋಡಲು ಹೋದ ಮನೆಯವರು ತೆಗೆದ ಹಳೆಯ ಚಿತ್ರಗಳೂ ಇಂಥ ಅಧ್ಯಯನಕ್ಕೆ ನೆರವಾಗುತ್ತವೆ.

ನಮ್ಮಲ್ಲಿ ಹೇಗೆ?

ನಮ್ಮ ಬಂಡೀಪುರದ ಕಾಡಿನಲ್ಲೂ ಮರಗಳು ಎಲೆ ಉದುರಿಸುತ್ತವೆ. ಆದರೆ ಹಿಮದ ಭಯದಿಂದಲ್ಲ, ಬೇಸಿಗೆಯ ಒಣಹವೆಯಿಂದ. ಎರಡೂ ಕಡೆ ಮರದ ಚಿಂತೆ ಒಂದೇ: ನೀರು ಉಳಿಸುವುದು. ಮಾವಿನ ಮರವನ್ನೂ ನೋಡಿ. ಅಲ್ಲಿ ಕೆಂಪು ಕಾಣುವುದು ಮುದಿ ಎಲೆಯಲ್ಲಲ್ಲ, ಎಳೆಯ ಚಿಗುರಿನಲ್ಲಿ. ಅದೂ ಆಂಥೋಸಯನಿನ್ ವರ್ಣಕವೇ!

ಮಾಡಿ ನೋಡಿ

ಅಡಗಿರುವ ಹಳದಿಯನ್ನು ನೀವೇ ನೋಡಬಹುದು. ಶಿಕ್ಷಕರ ಜೊತೆಗಿದ್ದು ಮಾಡಿ. ಸ್ಪಿರಿಟ್‌ಗೆ ಬೇಗ ಬೆಂಕಿ ತಗಲುತ್ತದೆ. ಹತ್ತಿರದಲ್ಲಿ ದೀಪ, ಒಲೆ ಇರಬಾರದು.

1. ನಾಲ್ಕೈದು ಪಾಲಕ್ ಎಲೆಗಳನ್ನು ಚೆನ್ನಾಗಿ ಜಜ್ಜಿ ಗಾಜಿನ ಲೋಟಕ್ಕೆ ಹಾಕಿ.
2. ಎಲೆ ಮುಳುಗುವಷ್ಟು ಸ್ಪಿರಿಟ್ ಹಾಕಿ, ಲೋಟ ಮುಚ್ಚಿ ಅರ್ಧ ಗಂಟೆ ಬಿಡಿ.
3. ಹಸಿರು ದ್ರವವನ್ನು ಬೇರೆ ಲೋಟಕ್ಕೆ ಬಸಿಯಿರಿ. ಸೋಸುಕಾಗದದ ಪಟ್ಟಿಯ ತುದಿ ಮಾತ್ರ ದ್ರವಕ್ಕೆ ತಾಗುವಂತೆ ಇಳಿಬಿಡಿ.
4. ದ್ರವ ಮೇಲೇರಿದ ಮೇಲೆ ಪಟ್ಟಿಯನ್ನು ತೆಗೆದು ಒಣಗಿಸಿ.

ಪಟ್ಟಿಯ ಮೇಲೆ ಹಸಿರಿನ ಜೊತೆಗೆ ಬೇರೆ ಯಾವ ಬಣ್ಣ ಕಂಡಿತು? ಕಾಡುಬಾದಾಮಿಯ ಕೆಂಪು ಎಲೆಯಿಂದಲೂ ಇದೇ ಪ್ರಯೋಗ ಮಾಡಿ. ಎರಡು ಪಟ್ಟಿಗಳನ್ನೂ ಪುಸ್ತಕದಲ್ಲಿ ಅಂಟಿಸಿ, ಕಂಡ ವ್ಯತ್ಯಾಸ ಬರೆಯಿರಿ.